ಕೂತು ಕೂತು ಬಿಗಿದ ಸೊಂಟ

ಮದುವೆ ಮನೆಯಲ್ಲಿ ನೆಲದ ಮೇಲೆ ಎಲೆ ಹಾಕಿ ಪಂಕ್ತಿ ಕೂರಿಸಿದರೆ ಮೊದಲು ಒದ್ದಾಡುವವರು ಅಜ್ಜಂದಿರಲ್ಲ, ಮೊಮ್ಮಕ್ಕಳು. ಎಪ್ಪತ್ತು ದಾಟಿದ ಅಜ್ಜ ಚಕ್ಕಳಮಕ್ಕಳ ಹಾಕಿ ಕೂತರೆ ಪಾಯಸ ಬರುವವರೆಗೂ ಅಲುಗಾಡುವುದಿಲ್ಲ. ಪಕ್ಕದಲ್ಲಿ ಕೂತ ಹತ್ತನೇ ತರಗತಿಯ ಮೊಮ್ಮಗ ಕೋಸಂಬರಿ ಬಡಿಸುವಷ್ಟರಲ್ಲಿ ಒಂದು ಮಂಡಿ ಎತ್ತಿರುತ್ತಾನೆ. ಸಾರನ್ನ ಮುಗಿಯುವಷ್ಟರಲ್ಲಿ ಅವನ ಬೆನ್ನು ಒರಗಲು ಗೋಡೆ ಹುಡುಕುತ್ತಿರುತ್ತದೆ. 'ಈಗಿನ ಹುಡುಗರಿಗೆ ಕೂರೋದಕ್ಕೂ ಬರಲ್ಲ' ಎಂದು ಹಿರಿಯರು ನಗುತ್ತಾರೆ. ಹುಡುಗ ಸೋಮಾರಿಯಲ್ಲ, ಶಾಲೆಯ ಕ್ರಿಕೆಟ್ ತಂಡದಲ್ಲಿ ಆಡುವವನೂ ಆಗಿರಬಹುದು. ಅವನ ಸೊಂಟದ ಕೀಲಿಗೆ ಆ ಭಂಗಿಯ ಅಭ್ಯಾಸ ತಪ್ಪಿಹೋಗಿದೆ, ಅಷ್ಟೇ.

ತಮಾಷೆಯೆಂದರೆ, ಕೂರಲು ಬಾರದ ಈ ಹುಡುಗ ದಿನವಿಡೀ ಮಾಡುವ ಕೆಲಸವೇ ಕೂರುವುದು. ಶಾಲೆಯ ಬೆಂಚಿನ ಮೇಲೆ ಐದಾರು ಗಂಟೆ, ಹೋಗಿ ಬರುವ ವ್ಯಾನಿನಲ್ಲಿ ಒಂದು ಗಂಟೆ, ಸಂಜೆ ಟ್ಯೂಷನ್ನಿನಲ್ಲಿ ಒಂದೂವರೆ ಗಂಟೆ, ರಾತ್ರಿ ಹೋಂವರ್ಕಿಗೆಂದು ಮೇಜಿನ ಮುಂದೆ ಎರಡು ಗಂಟೆ. ಟಿವಿ, ಮೊಬೈಲುಗಳ ಲೆಕ್ಕ ಬಿಟ್ಟರೂ ಹತ್ತು ಗಂಟೆಯ ಹತ್ತಿರ ಬರುತ್ತದೆ. ಅಷ್ಟು ಹೊತ್ತೂ ತೊಡೆಗೂ ಮುಂಡಕ್ಕೂ ನಡುವೆ ಇರುವುದು ಒಂದೇ ಕೋನ, ಹೆಚ್ಚುಕಡಿಮೆ 90 ಡಿಗ್ರಿ. ಆದರೆ ಆರೋಗ್ಯವಂತ ಸೊಂಟದ ಕೀಲು ಸುಮಾರು 120 ಡಿಗ್ರಿಯವರೆಗೆ ಮಡಚಬಲ್ಲದು, ತೊಡೆಯನ್ನು ಹಿಂದಕ್ಕೂ ಹತ್ತಿಪ್ಪತ್ತು ಡಿಗ್ರಿ ಒಯ್ಯಬಲ್ಲದು, ಪಕ್ಕಕ್ಕೆ 45 ಡಿಗ್ರಿಯಷ್ಟು ಅಗಲಿಸಬಲ್ಲದು, ಒಳಕ್ಕೂ ಹೊರಕ್ಕೂ ತಿರುಗಿಸಬಲ್ಲದು. ಇಷ್ಟೆಲ್ಲ ಬರುವ ಕೀಲಿನಿಂದ ಒಂದೇ ಕೆಲಸ ತೆಗೆಸುತ್ತಾ ಹೋದರೆ ಉಳಿದವು ಮರೆತುಹೋಗುತ್ತವೆ. ಬಳಸದ ಬಾಗಿಲಿನ ತಿರುಗಣಿಯಂತೆ.

ಕನ್ನಡದಲ್ಲಿ ಸೊಂಟ ಎಂಬ ಮಾತಿನಿಂದ ಒಂದು ಸಣ್ಣ ತೊಂದರೆಯೂ ಇದೆ. ಉಡಿದಾರ ಕಟ್ಟುವ ಜಾಗವೂ ಸೊಂಟ, ಅಮ್ಮ ಕೂಸನ್ನು ಎತ್ತಿಕೊಳ್ಳುವ ಜಾಗವೂ ಸೊಂಟ, 'ಸೊಂಟ ಹಿಡಿದಿದೆ' ಎನ್ನುವವರು ಕೈಯಿಟ್ಟು ತೋರಿಸುವ ಬೆನ್ನಿನ ಕೆಳತುದಿಯೂ ಸೊಂಟ. ಇಲ್ಲಿ ಹೇಳುತ್ತಿರುವುದು ಇವಾವುದನ್ನೂ ಅಲ್ಲ. ತೊಡೆಯ ಮೂಳೆ ಮುಂಡವನ್ನು ಸೇರುವ ಜಾಗವನ್ನು, ಕೆಲವರು ಚಪ್ಪೆ ಎನ್ನುತ್ತಾರಲ್ಲ, ಅದನ್ನು. ನಿಂತುಕೊಂಡು ಒಂದು ಮಂಡಿಯನ್ನು ಮೇಲೆತ್ತಿದರೆ ತೊಡೆಸಂದಿನಲ್ಲಿ ಬಟ್ಟೆ ಮಡಿಕೆ ಬೀಳುತ್ತದೆ. ಆ ಮಡಿಕೆಯ ಹಿಂದೆ, ಬಹಳ ಆಳದಲ್ಲಿ ಇದೆ ಈ ಕೀಲು.

ಇದರ ರಚನೆ ತಿಳಿಯಲು ಅಜ್ಜಿಯ ಕಾಲದ ರುಬ್ಬುವ ಒರಳನ್ನು ನೆನೆಸಿಕೊಂಡರೆ ಸಾಕು. ಕುಳಿಯೊಳಗೆ ಗುಂಡು ಕೂತು ಎಲ್ಲ ದಿಕ್ಕಿಗೂ ಹೊರಳುವಂತೆ, ಸೊಂಟದ ಎಲುಬಿನ ಕುಳಿಯಲ್ಲಿ ತೊಡೆಮೂಳೆಯ ಗುಂಡನೆಯ ತಲೆ ಕೂತಿದೆ. ಕುಳಿಯ ಅಂಚಿಗೆ ರಬ್ಬರಿನಂಥ ಒಂದು ಬಳೆ. ಸುತ್ತ ಗಟ್ಟಿಯಾದ ಚೀಲ. ಅದರ ಮುಂಭಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಅಸ್ಥಿರಜ್ಜು. ದೇಹದ ಎಲ್ಲ ಅಸ್ಥಿರಜ್ಜುಗಳಲ್ಲಿ ಅತ್ಯಂತ ಬಲವಾದದ್ದು ಇದೇ. ಇವೆಲ್ಲದರ ಮೇಲೆ ಹತ್ತಾರು ಸ್ನಾಯುಗಳು. ಭುಜವೂ ಇದೇ ಜಾತಿಯ ಕೀಲು, ಆದರೆ ಅಲ್ಲಿ ಕುಳಿ ಆಳವಿಲ್ಲ, ಆದ್ದರಿಂದ ಭುಜ ಸುಲಭವಾಗಿ ಜಾರುತ್ತದೆ. ಸೊಂಟ ಇಡೀ ಮೈಭಾರ ಹೊರಬೇಕು. ಹಾಗಾಗಿ ಅದಕ್ಕೆ ಚುರುಕಿಗಿಂತ ಭದ್ರತೆ ಹೆಚ್ಚು ಸಿಕ್ಕಿದೆ.

ಈ ಸ್ನಾಯುಗಳಲ್ಲಿ ಒಂದರ ವಿಷಯ ವಿದ್ಯಾರ್ಥಿಗಳು ತಿಳಿದಿರಲೇಬೇಕು. ಬೆನ್ನುಮೂಳೆಯ ಕೆಳಭಾಗದಿಂದ ಹೊರಟು, ಹೊಟ್ಟೆಯ ಒಳಗಿನಿಂದಲೇ ಇಳಿದು, ಕೀಲಿನ ಮುಂದೆ ಹಾದು ತೊಡೆಮೂಳೆಗೆ ಅಂಟುವ ಸೋವಸ್ ಎಂಬ ಸ್ನಾಯು ಇದು. ಮೆಟ್ಟಿಲು ಹತ್ತಲು ಕಾಲೆತ್ತುವುದು ಇದರ ಕೆಲಸ. ಕೂತಾಗ ಇದು ಮೊಟಕಾಗಿರುತ್ತದೆ. ದಿನಕ್ಕೆ ಹತ್ತು ಗಂಟೆ ಮೊಟಕಾಗಿದ್ದು ಅಭ್ಯಾಸವಾದ ಸ್ನಾಯು ಎದ್ದು ನಿಂತಾಗ ಪೂರ್ತಿ ಉದ್ದವಾಗಲು ಒಪ್ಪುವುದಿಲ್ಲ. ಅದರ ಒಂದು ತುದಿ ಬೆನ್ನುಮೂಳೆಯಲ್ಲಿರುವುದರಿಂದ ಬೆನ್ನನ್ನೇ ಮುಂದಕ್ಕೆ ಎಳೆಯುತ್ತದೆ. ಹೊಟ್ಟೆ ಮುಂದೆ, ಹಿಂಭಾಗ ಹಿಂದೆ ಚಾಚಿ ನಿಲ್ಲುವ ಮಕ್ಕಳನ್ನು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಎಷ್ಟು ಬೇಕಾದರೂ ನೋಡಬಹುದು. ಇನ್ನು ಪುಸ್ತಕ ಎತ್ತಿಕೊಳ್ಳಲು ಬಗ್ಗುವಾಗ ತೊಡೆಯ ಹಿಂಭಾಗ ಬಿಗಿದಿದ್ದರೆ ಸೊಂಟ ಬಗ್ಗದೆ ಬೆನ್ನು ಬಗ್ಗುತ್ತದೆ. ಅಂತೂ ಸೊಂಟ ಮಾಡಬೇಕಾದ ಕೆಲಸವನ್ನು ಮೇಲಿನ ಮನೆಯವನೋ ಕೆಳಗಿನ ಮನೆಯವನೋ, ಅಂದರೆ ಬೆನ್ನೋ ಮಂಡಿಯೋ ಮಾಡಬೇಕಾಗುತ್ತದೆ.

ಬಿಗಿತ ಎಷ್ಟಿದೆ ಎಂದು ಮನೆಯಲ್ಲೇ ನೋಡಿಕೊಳ್ಳುವ ಒಂದು ವಿಧಾನವಿದೆ. ಇದನ್ನು ಕೊಟ್ಟವರು ಇಂಗ್ಲೆಂಡಿನ ಲಿವರ್‌ಪೂಲ್ ಊರಿನಲ್ಲಿ ವೈದ್ಯರಾಗಿದ್ದ ಹ್ಯೂ ಓವೆನ್ ಥಾಮಸ್. 1834ರಲ್ಲಿ ಹುಟ್ಟಿ 1891ರಲ್ಲಿ ತೀರಿಕೊಂಡ ಇವರದು ತಲೆತಲಾಂತರದಿಂದ ಮೂಳೆ ಕಟ್ಟುವ ಮನೆತನ. ಪುತ್ತೂರು ಕಟ್ಟಿನವರಂತೆ ಎನ್ನಬಹುದು. ಚಾಪೆಯ ಮೇಲೆ ಅಂಗಾತ ಮಲಗಿ, ಒಂದು ಮಂಡಿಯನ್ನು ಎರಡೂ ಕೈಗಳಿಂದ ಎದೆಯ ಕಡೆಗೆ ತಬ್ಬಿಕೊಳ್ಳಬೇಕು. ಸೊಂಟದ ಕೆಳಗಿನ ಪೊಳ್ಳು ಮುಚ್ಚಿ ಬೆನ್ನು ನೆಲಕ್ಕೆ ತಾಗುವಷ್ಟು ತಬ್ಬಿದರೆ ಸಾಕು. ಈಗ ಚಾಚಿಟ್ಟ ಇನ್ನೊಂದು ಕಾಲನ್ನು ನೋಡಬೇಕು. ಆ ತೊಡೆ ನೆಲಕ್ಕೆ ಅಂಟಿಕೊಂಡೇ ಇದ್ದರೆ ಒಳ್ಳೆಯದು. ತಾನಾಗಿ ಮೇಲೆದ್ದರೆ ಆ ಬದಿಯ ಮುಂಭಾಗದ ಸ್ನಾಯು ಬಿಗಿದಿದೆ ಎಂದರ್ಥ. ಥಾಮಸ್ ಇದನ್ನು ಕಂಡುಕೊಂಡದ್ದು ಕೀಲಿನ ಕಾಯಿಲೆಯಿಂದ ಕಾಲು ಮಡಚಿಕೊಂಡೇ ಉಳಿದ ರೋಗಿಗಳಿಗಾಗಿ. ಇಂದು ಓಟಗಾರರನ್ನು ಪರೀಕ್ಷಿಸುವ ಫಿಸಿಯೋಥೆರಪಿಸ್ಟರೂ ಇದನ್ನೇ ಮಾಡುತ್ತಾರೆ.

ಎರಡನೆಯದು ಇನ್ನೂ ಸುಲಭ. ಎತ್ತರದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ತೊಡೆ ಅಲುಗಾಡದಂತೆ ಪಾದವನ್ನು ಗಡಿಯಾರದ ಲೋಲಕದಂತೆ ಒಮ್ಮೆ ಹೊರಕ್ಕೆ, ಒಮ್ಮೆ ಒಳಕ್ಕೆ ಒಯ್ಯುವುದು. ಪಾದ ಹೊರಗೆ ಹೋದಾಗ ತೊಡೆ ಒಳಕ್ಕೆ ತಿರುಗುತ್ತದೆ, ಪಾದ ಒಳಗೆ ಬಂದಾಗ ತೊಡೆ ಹೊರಕ್ಕೆ; ಇದು ಮೊದಲಿಗೆ ತಲೆ ತಿರುಗಿಸುವಂತಿದ್ದರೂ ಮಾಡಿ ನೋಡಿದರೆ ಅರ್ಥವಾಗುತ್ತದೆ. ಡಿಗ್ರಿಗಳನ್ನು ಅಳೆಯುವ ಗೋಜು ಬೇಡ. ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ನೋಡಿದರೆ ಸಾಕು. ಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತದೆ.

ಸ್ನಾಯುವನ್ನು ಎಳೆದರೆ ಅದು ಉದ್ದವಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಸಂಗತಿ ಅಷ್ಟು ಸರಳವಲ್ಲ. ಸ್ನಾಯುವಿನೊಳಗೆ ಎಳೆತವನ್ನು ಗಮನಿಸುವ ಸಣ್ಣ ಕಾವಲುಗಾರರಿದ್ದಾರೆ. ಜೋರಾಗಿ, ಥಟ್ಟನೆ ಎಳೆದರೆ ಅವು ಮಿದುಳುಬಳ್ಳಿಗೆ ಸುದ್ದಿ ಕಳಿಸುತ್ತವೆ, ಸ್ನಾಯು ಪ್ರತಿಯಾಗಿ ಬಿಗಿದುಕೊಳ್ಳುತ್ತದೆ. ಬಗ್ಗಿ ಬೆರಳು ಮುಟ್ಟಲು ಜಗ್ಗಿ ಜಗ್ಗಿ ಪ್ರಯತ್ನಿಸುವ ಮಕ್ಕಳಿಗೆ ಲಾಭವಾಗದಿರುವುದು ಇದಕ್ಕೇ. ನಿಧಾನವಾಗಿ ಎಳೆದು ಹಾಗೆಯೇ ಹಿಡಿದರೆ ಕಾವಲುಗಾರರು ಸುಮ್ಮನಾಗುತ್ತಾರೆ. 2010ರಲ್ಲಿ ವೆಪ್ಲರ್ ಮತ್ತು ಮ್ಯಾಗ್ನುಸನ್ ಎಂಬ ಇಬ್ಬರು ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೇಳಿದ್ದು ಇದು: ಕೆಲವು ವಾರಗಳ ಅಭ್ಯಾಸದಿಂದ ಬರುವ ಸಡಿಲತೆಗೆ ಮುಖ್ಯ ಕಾರಣ ಸ್ನಾಯುವಿನ ಉದ್ದವಲ್ಲ, ಎಳೆತವನ್ನು ತಾಳಿಕೊಳ್ಳುವ ಗುಣ. ದೇಹ 'ಇಲ್ಲಿಯವರೆಗೆ ಬಂದರೆ ಅಪಾಯವಿಲ್ಲ' ಎಂದು ಒಪ್ಪಿಕೊಳ್ಳುತ್ತದೆ. ಒಪ್ಪಿಸಬೇಕು, ಗದರಿಸಬಾರದು.

ಎಷ್ಟು ಹೊತ್ತು? ಇದಕ್ಕೆ 1994ರಲ್ಲಿ ಅಮೆರಿಕದ ಬ್ಯಾಂಡಿ ಮತ್ತು ಐರಿಯನ್ ನಡೆಸಿದ ಒಂದು ಅಧ್ಯಯನ ಚೆನ್ನಾಗಿ ಉತ್ತರಿಸುತ್ತದೆ. 57 ಜನರನ್ನು ಗುಂಪುಗಳಾಗಿ ಮಾಡಿ, ತೊಡೆಯ ಹಿಂಭಾಗದ ಸ್ನಾಯುವನ್ನು ಒಂದು ಗುಂಪಿಗೆ 15 ಸೆಕೆಂಡು, ಇನ್ನೊಂದಕ್ಕೆ 30, ಮತ್ತೊಂದಕ್ಕೆ 60 ಸೆಕೆಂಡು ಎಳೆದು ಹಿಡಿಯಲು ಹೇಳಿದರು. ವಾರಕ್ಕೆ ಐದು ದಿನ, ಆರು ವಾರ. 15 ಸೆಕೆಂಡಿನವರಿಗಿಂತ 30 ಸೆಕೆಂಡಿನವರಿಗೆ ಹೆಚ್ಚು ಲಾಭವಾಯಿತು. 60 ಸೆಕೆಂಡಿನವರಿಗೆ 30ರವರಿಗಿಂತ ಹೆಚ್ಚೇನೂ ಆಗಲಿಲ್ಲ. ಹೋಂವರ್ಕ್ ಬಾಕಿಯಿರುವವರಿಗೆ ಇದು ಸಂತೋಷದ ಸುದ್ದಿ.

ತಣ್ಣಗಿರುವ ಮೈಯನ್ನು ಎಳೆಯಬಾರದು. ಅಂಗಳದಲ್ಲೋ ತಾರಸಿಯಲ್ಲೋ ಮೂರು ನಾಲ್ಕು ನಿಮಿಷ ಬಿರುಸಾಗಿ ಓಡಾಡಿ, ಗೋಡೆ ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ, ಆಮೇಲೆ ಎಡಕ್ಕೆ ಬಲಕ್ಕೆ ಹತ್ತು ಹನ್ನೆರಡು ಸಲ ಬೀಸಿದರೆ ಕೀಲು ಸಿದ್ಧವಾಗುತ್ತದೆ.

ಮೊದಲು ಮಾಡಬೇಕಾದದ್ದು ಆ ಸೋವಸ್ ಸ್ನಾಯುವಿಗೆ. ಮಡಿಸಿದ ಕಂಬಳಿಯ ಮೇಲೆ ಬಲಮಂಡಿ ಊರಿ, ಎಡಪಾದವನ್ನು ಮುಂದಿಟ್ಟು, ಬಾಣ ಬಿಡಲು ಕೂತ ರಾಮನಂತೆ ಕೂರುವುದು. ಎಲ್ಲರೂ ತಪ್ಪುವುದು ಇಲ್ಲಿಂದ ಮುಂದೆ. ಇಡೀ ಮೈಯನ್ನು ಮುಂದಕ್ಕೆ ತಳ್ಳಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಬಹಳ ದೂರ ಹೋದೆವೆಂದು ಹಿಗ್ಗುತ್ತಾರೆ. ಆಗ ಎಳೆತ ಬೀಳುವುದು ಬೆನ್ನಿಗೆ, ಸ್ನಾಯುವಿಗಲ್ಲ. ಮುಂದೆ ಹೋಗುವ ಮೊದಲು ಬಲ ಪೃಷ್ಠವನ್ನು ಬಿಗಿಹಿಡಿದು, ಹೆದರಿದ ನಾಯಿ ಬಾಲವನ್ನು ಕಾಲಸಂದಿಗೆ ಮುದುರಿಕೊಳ್ಳುವಂತೆ ಸೊಂಟದ ಕೆಳಭಾಗವನ್ನು ಒಳಕ್ಕೆ ಮುದುರಬೇಕು. ಹಾಗೆ ಮುದುರಿಕೊಂಡೇ ಎರಡು ಅಂಗುಲ ಮುಂದೆ ಸರಿದರೆ ಸಾಕು, ಬಲ ತೊಡೆಸಂದಿನಲ್ಲಿ ಎಳೆತ ಗೊತ್ತಾಗುತ್ತದೆ. ನೋಡುವವರಿಗೆ ಏನೂ ಮಾಡಿದಂತೆ ಕಾಣುವುದಿಲ್ಲ. ಬಲಗೈಯನ್ನು ಮೇಲೆತ್ತಿ ಸ್ವಲ್ಪ ಎಡಕ್ಕೆ ವಾಲಿದರೆ ಎಳೆತ ಇನ್ನಷ್ಟು ಸ್ಪಷ್ಟ. ಉಸಿರು ಕಟ್ಟದೆ 30 ಸೆಕೆಂಡು. ಪ್ರತಿ ಬದಿಗೆ ಎರಡು ಸಲ.

ಆಮೇಲೆ ಪೃಷ್ಠದ ಆಳದ ಸ್ನಾಯುಗಳಿಗೆ. ಅಂಗಾತ ಮಲಗಿ ಎರಡೂ ಮಂಡಿ ಮಡಚಿ, ಬಲ ಹರಡನ್ನು ಎಡ ಮಂಡಿಯ ಮೇಲ್ಭಾಗಕ್ಕೆ ಅಡ್ಡ ಇಟ್ಟರೆ ಕಾಲುಗಳು 4ರ ಆಕಾರಕ್ಕೆ ಬರುತ್ತವೆ. ಇಂಗ್ಲಿಷಿನ ನಾಲ್ಕು, ಕನ್ನಡದ ೪ ಅಲ್ಲ, ಅದನ್ನು ಮಾಡಲು ಸರ್ಕಸ್ಸಿನವರೇ ಬೇಕು. ಎಡ ತೊಡೆಯನ್ನು ಎರಡೂ ಕೈಗಳಿಂದ ಎದೆಯ ಕಡೆ ಎಳೆದುಕೊಂಡರೆ ಬಲ ಪೃಷ್ಠದ ಹೊರಬದಿಯಲ್ಲಿ ಎಳೆತ ಸಿಗುತ್ತದೆ. ಚಕ್ಕಳಮಕ್ಕಳ ಕೂರಲು ಕಷ್ಟಪಡುವವರಿಗೆ ಇದು ತುಂಬ ಉಪಯುಕ್ತ. ತೊಡೆಯ ಹಿಂಭಾಗಕ್ಕೆ, ಮಲಗಿದಲ್ಲೇ ಒಂದು ಅಂಗಾಲಿಗೆ ಟವೆಲ್ಲನ್ನು ಸಿಕ್ಕಿಸಿ ಕಾಲನ್ನು ಮೇಲೆತ್ತಿ ಹಿಡಿಯುವುದು. ಮಂಡಿ ಕೊಂಚ ಮಡಚಿದ್ದರೂ ನಷ್ಟವಿಲ್ಲ.

ತೊಡೆಯ ಒಳಭಾಗಕ್ಕೆ ಬದ್ಧಕೋನಾಸನ. ಕೂತು ಎರಡೂ ಅಂಗಾಲುಗಳನ್ನು ಜೋಡಿಸಿ, ಮಂಡಿಗಳನ್ನು ಪಕ್ಕಕ್ಕೆ ಬಿಡುವ ಈ ಭಂಗಿಯಲ್ಲೇ ಚಮ್ಮಾರರು ಚಪ್ಪಲಿ ಹೊಲಿಯುತ್ತಾ ಗಂಟೆಗಟ್ಟಲೆ ಕೂರುತ್ತಿದ್ದರು. ಮಕ್ಕಳು ಇದನ್ನು ಚಿಟ್ಟೆ ಎಂದು ಕರೆದು ಮಂಡಿಗಳನ್ನು ಪಟಪಟ ಬಡಿಯುತ್ತಾರೆ. ಬಡಿಯುವುದು ಬೇಡ, ಕೈಯಿಂದ ಒತ್ತುವುದೂ ಬೇಡ. ಕೂತಾಗ ಬೆನ್ನು ಗೂನಾಗುವವರು ಗಟ್ಟಿಯಾಗಿ ಮಡಿಸಿದ ಜಮಖಾನದ ಮೇಲೆ ಕೂತರೆ ಬೆನ್ನು ತಾನೇ ನೆಟ್ಟಗಾಗುತ್ತದೆ.

ಹೀಗೆ ಮಡಿಸಿದ ಕಂಬಳಿ, ಪಟ್ಟಿ, ಮರದ ತುಂಡುಗಳನ್ನು ಯೋಗಾಭ್ಯಾಸಕ್ಕೆ ತಂದು ಜಗತ್ತಿಗೆಲ್ಲ ಪರಿಚಯಿಸಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಆ ಕತೆಯಲ್ಲಿ ಪೋಷಕರು ಗಮನಿಸಬೇಕಾದ ಒಂದು ಘಟ್ಟವಿದೆ. ಬಾಲ್ಯದ ಕಾಯಿಲೆಗಳಿಂದ ಸೊರಗಿದ್ದ ಹುಡುಗ 1934ರಲ್ಲಿ ಮೈಸೂರಿಗೆ ಬಂದು ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಆಸನ ಕಲಿಯತೊಡಗಿದ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯುತ್ತಿದ್ದ ಕಾಲ. ಒಂದು ಪ್ರದರ್ಶನದಲ್ಲಿ ಗುರುಗಳು ಹನುಮಾನಾಸನ ಮಾಡೆಂದರು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಪೂರ್ತಿ ಚಾಚಿ ನೆಲಕ್ಕೆ ಕೂರುವ ಆ ಆಸನ ಹುಡುಗನಿಗೆ ಅಭ್ಯಾಸವಿರಲಿಲ್ಲ. ಮಾಡಿದ, ತೊಡೆಯ ಹಿಂಭಾಗದ ಸ್ನಾಯು ಹರಿಯಿತು, ಬಹುಕಾಲ ನೋವು ಅನುಭವಿಸಬೇಕಾಯಿತು. ಇದನ್ನು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ. 2014ರಲ್ಲಿ ತೀರಿಕೊಳ್ಳುವವರೆಗೂ ಅವರು ಪುಣೆಯಲ್ಲಿ ಕಲಿಸಿದ ಕ್ರಮದಲ್ಲಿ, ಬಗ್ಗದ ಮೈಯವರೂ ಕಂಬಳಿ, ಪಟ್ಟಿಗಳ ಆಸರೆಯಿಂದ ತಮಗೆ ಒಗ್ಗುವಷ್ಟು ಮಾಡಲು ದಾರಿಯಿತ್ತು.

ಇಂದಿಗೂ ಕೆಲವು ಕರಾಟೆ, ಜಿಮ್ನಾಸ್ಟಿಕ್ಸ್ ತರಗತಿಗಳಲ್ಲಿ ಕಾಲು ಅಗಲಿಸಿ ಕೂತ ಮಗುವಿನ ಹೆಗಲ ಮೇಲೋ ತೊಡೆಯ ಮೇಲೋ ದೊಡ್ಡವರು ಭಾರ ಹಾಕಿ ಒತ್ತುವುದುಂಟು. ಮಗು ಅಳುತ್ತದೆ, ಪೋಷಕರು 'ಕಲಿಯಲಿ' ಎಂದು ಹೊರಗೆ ಕಾಯುತ್ತಾರೆ. ಬೆಳೆಯುವ ಮಕ್ಕಳಲ್ಲಿ ಸ್ನಾಯು ಮೂಳೆಗೆ ಅಂಟುವ ಜಾಗ ಇನ್ನೂ ಮೃದ್ವಸ್ಥಿಯಾಗಿರುತ್ತದೆ. ಕೂರುವ ಎಲುಬಿನಲ್ಲಂತೂ ಅದು ಪೂರ್ತಿ ಗಟ್ಟಿಯಾಗುವುದು ಹದಿಹರೆಯದ ಕೊನೆಗೋ ಅದರ ಆಚೆಗೋ. ಬಲವಂತದ ಎಳೆತಕ್ಕೆ ದೊಡ್ಡವರಲ್ಲಿ ಸ್ನಾಯು ಹರಿದರೆ, ಮಕ್ಕಳಲ್ಲಿ ಸ್ನಾಯುವಿನ ಜತೆ ಎಲುಬಿನ ಚೂರೇ ಕಿತ್ತು ಬರಬಹುದು. ಓಟದ ಮಧ್ಯೆ ಅಥವಾ ಕಾಲು ಚಾಚುವಾಗ 'ಟಕ್' ಎಂದು ಸದ್ದಾಗಿ ಮಗು ಕುಂಟತೊಡಗಿದರೆ ಉಳುಕೆಂದು ಎಣ್ಣೆ ತಿಕ್ಕುತ್ತಾ ಕೂರದೆ ಎಕ್ಸ್‌ರೇ ತೆಗೆಸಬೇಕು.

ಭರತನಾಟ್ಯ ಕಲಿಯುವ ಹೆಣ್ಣುಮಕ್ಕಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅರೆಮಂಡಿಯೇ ಈ ನೃತ್ಯದ ತಳಪಾಯ. ಮಂಡಿಗಳು ಪಕ್ಕಕ್ಕೆ ತೆರೆದು, ಪಾದಗಳು ಹೊರಕ್ಕೆ ತಿರುಗಿ, ಬೆನ್ನು ನೆಟ್ಟಗೆ ನಿಂತು ಅಡವು ಮಾಡಬೇಕು. 'ಇನ್ನೂ ಕೂರು, ಇನ್ನೂ ತೆಗಿ' ಎಂಬ ಮಾತು ಪ್ರತಿ ತರಗತಿಯಲ್ಲೂ ಕೇಳುತ್ತದೆ. ಈ ತೆರೆಯುವಿಕೆ ಬರಬೇಕಾದದ್ದು ಸೊಂಟದ ಕೀಲಿನಿಂದ. ಆದರೆ ಅದು ಎಷ್ಟು ಬರುತ್ತದೆಂಬುದು ಎಲ್ಲರಿಗೂ ಒಂದೇ ಅಲ್ಲ. ತೊಡೆಮೂಳೆಯ ಕತ್ತು ಮುಂದಕ್ಕೆ ಕೊಂಚ ತಿರುಚಿಕೊಂಡಿರುತ್ತದೆ; ಹುಟ್ಟಿದಾಗ ಸುಮಾರು 30ರಿಂದ 40 ಡಿಗ್ರಿ ಇರುವ ಈ ತಿರುಚು ಬೆಳೆಯುತ್ತಾ ಇಳಿದು ದೊಡ್ಡವರಲ್ಲಿ 15 ಡಿಗ್ರಿಯ ಸುಮಾರಿಗೆ ಬಂದು ನಿಲ್ಲುತ್ತದೆ. ಕೆಲವರಲ್ಲಿ ಹೆಚ್ಚೇ ಉಳಿಯುತ್ತದೆ. ಅಂಥವರು ಚಿಕ್ಕಂದಿನಲ್ಲಿ ಮೊಣಕಾಲು ಮುಂದೆ, ಪಾದಗಳು ಎರಡೂ ಪಕ್ಕಕ್ಕೆ ಬರುವಂತೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹಾಗೆ ಕೂರುತ್ತಾರೆ, ಕಾಲ್ಬೆರಳು ಒಳಮುಖವಾಗಿ ನಡೆಯುತ್ತಾರೆ. ಇದಕ್ಕಾಗಿ ಮಗುವನ್ನು ಗದರುವ ಅಗತ್ಯವಿಲ್ಲ, ಬಹುತೇಕ ಮಕ್ಕಳಲ್ಲಿ ಎಂಟು ಹತ್ತು ವರ್ಷದ ಹೊತ್ತಿಗೆ ನಡಿಗೆ ತಾನಾಗಿ ಸರಿಹೋಗುತ್ತದೆ. ಆದರೆ ಮೂಳೆಯ ತಿರುಚೇ ಹೆಚ್ಚಿರುವ ಹುಡುಗಿಯಿಂದ ಪೂರ್ತಿ ತೆರೆದ ಅರೆಮಂಡಿಯನ್ನು ನಿರೀಕ್ಷಿಸಿದರೆ ಅವಳು ಸುಲಭದ ದಾರಿ ಹುಡುಕುತ್ತಾಳೆ: ಸೊಂಟ ತಿರುಗದಷ್ಟನ್ನು ಪಾದದಿಂದ ತಿರುಗಿಸುತ್ತಾಳೆ. ಪಾದ ಹೊರಕ್ಕೆ, ಮಂಡಿ ಮುಂದಕ್ಕೆ. ನಡುವೆ ಹಿಂಡಿಹೋಗುವುದು ಮಂಡಿ. ಮಗಳ ಅರೆಮಂಡಿಯನ್ನು ಎದುರಿನಿಂದ ನೋಡಿದಾಗ ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕಿದೆಯೇ ಎಂದು ಅಮ್ಮಂದಿರೂ ಹೇಳಬಲ್ಲರು. ಇಲ್ಲದಿದ್ದರೆ ಪಾದಗಳ ಕೋನವನ್ನು ತುಸು ಕಡಿಮೆ ಮಾಡಲು ಗುರುಗಳನ್ನು ಕೇಳಬೇಕು. ಒಳ್ಳೆಯ ಗುರುಗಳು ಇದಕ್ಕೆ ಬೇಸರಿಸುವುದಿಲ್ಲ. ಕೋನ ಕೊಂಚ ಕಿರಿದಾದರೂ ಅಂಗಶುದ್ಧಿ ಉಳಿದ ನರ್ತಕಿಯರು ಬೇಕಾದಷ್ಟಿದ್ದಾರೆ.

ಎಳೆತದ ಬಗ್ಗೆ ನೆನಪಿಡಬೇಕಾದ ಗುರುತೂ ಇದಕ್ಕೆ ಸಂಬಂಧಿಸಿದ್ದೇ. ತೊಡೆಯ ಒಳಗೆ, ಹಿಂದೆ, ಪೃಷ್ಠದಲ್ಲಿ ಹಿತವಾದ ಎಳೆತ ಬಂದರೆ ಅದು ಸ್ನಾಯುವಿನದು. ಕಾಲನ್ನು ಮಡಚಿದಾಗ ತೊಡೆಸಂದಿನ ಮುಂಭಾಗದಲ್ಲಿ ಚಿಮಟದಿಂದ ಹಿಡಿದಂತೆ ಚುಳ್ಳೆಂದರೆ ಅಲ್ಲಿ ಎಲುಬಿಗೆ ಎಲುಬು ತಾಗುತ್ತಿರಬಹುದು, ಅಂಚಿನ ಬಳೆ ನಡುವೆ ಸಿಕ್ಕಿರಬಹುದು. ಚಿಕ್ಕ ವಯಸ್ಸಿನಲ್ಲೇ ವಿಪರೀತ ಫುಟ್‌ಬಾಲ್ ಆಡಿದ ಕೆಲವರಲ್ಲಿ ತೊಡೆಮೂಳೆಯ ತಲೆ ಪೂರ್ತಿ ಗುಂಡಗಾಗದೆ ಒಂದು ಉಬ್ಬು ಬೆಳೆದಿರುವುದನ್ನು ವೈದ್ಯರು ಕಂಡಿದ್ದಾರೆ. ಅದನ್ನು ಎಳೆದು ಸರಿಪಡಿಸಲಾಗದು. ಇನ್ನೊಂದು ತುದಿಯಲ್ಲಿ, ಹೆಬ್ಬೆರಳನ್ನು ಮಣಿಕಟ್ಟಿಗೆ ಮುಟ್ಟಿಸಿ ಗೆಳತಿಯರನ್ನು ಬೆರಗುಗೊಳಿಸುವ ಸಡಿಲ ಕೀಲಿನ ಮಕ್ಕಳಿದ್ದಾರೆ. ಅವರಿಗೆ ಬೇಕಾದದ್ದು ಮತ್ತಷ್ಟು ಎಳೆತವಲ್ಲ, ಬಲ. ಮಲಗಿ ಮಂಡಿ ಮಡಚಿ ಪೃಷ್ಠವನ್ನು ಮೇಲೆತ್ತುವ ಸೇತುಬಂಧ, ಒಂದು ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು, ಗರಡಿಯವರ ಬಸ್ಕಿ. ಇವು ಎಲ್ಲರಿಗೂ ಬೇಕು, ಇವರಿಗೆ ಇನ್ನೂ ಹೆಚ್ಚು.

ಈಗ ಪೋಷಕರಿಗೆ ಮುಖ್ಯವಾದ ಮಾತು. ಮಗು ಮಂಡಿ ನೋವೆಂದು ಹೇಳಿ, ಕುಂಟುತ್ತಿದ್ದರೆ, ಮಂಡಿಯ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ, ಸೊಂಟದ ಕೀಲನ್ನು ಪರೀಕ್ಷಿಸದೆ ಮನೆಗೆ ಬರಬಾರದು. ಸೊಂಟಕ್ಕೂ ಮಂಡಿಗೂ ಒಂದೇ ನರದ ಕವಲು ಹೋಗುವುದರಿಂದ ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು 10ರಿಂದ 16 ವರ್ಷದೊಳಗೆ, ಅದರಲ್ಲೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ತೊಡೆಮೂಳೆಯ ತಲೆ ಬೆಳವಣಿಗೆಯ ಪಟ್ಟಿಯ ಬಳಿ ಕತ್ತಿನಿಂದ ಜಾರುವ ಒಂದು ತೊಂದರೆಯಿದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಪಾದ ಹೊರಕ್ಕೆ ತಿರುಗಿರುತ್ತದೆ. ಮಲಗಿಸಿ ತೊಡೆಯನ್ನು ಮಡಚಿದರೆ ನೇರವಾಗಿ ಎದೆಗೆ ಬಾರದೆ ಹೊರಕ್ಕೆ ಹೊರಳುತ್ತದೆ. ಇಂಥ ಮಗುವಿಗೆ ಬಿಗಿತವೆಂದು ತಿಳಿದು ವ್ಯಾಯಾಮ ಮಾಡಿಸಿದರೆ ಜಾರಿದ್ದು ಇನ್ನೂ ಜಾರುತ್ತದೆ, ಎಲುಬಿನ ತಲೆಗೆ ರಕ್ತ ನಿಂತುಹೋಗುವ ಅಪಾಯವೂ ಇದೆ. ಬೇಗ ಗೊತ್ತಾದರೆ ಸ್ಕ್ರೂ ಹಾಕಿ ಅಲ್ಲೇ ನಿಲ್ಲಿಸಬಹುದು. ಆದ್ದರಿಂದ ಕಾಲೂರಿಸದೆ, ನಡೆಸದೆ ಅದೇ ದಿನ ಮೂಳೆ ವೈದ್ಯರಿಗೆ ತೋರಿಸಬೇಕು. ಇನ್ನೂ ಚಿಕ್ಕವರಲ್ಲಿ, ನಾಲ್ಕರಿಂದ ಎಂಟು ವರ್ಷದವರಲ್ಲಿ ಹೆಚ್ಚಾಗಿ, ಪರ್ಥಿಸ್ ಎಂಬ ಕಾಯಿಲೆ ಬರುತ್ತದೆ. ಎಲುಬಿನ ತಲೆಗೆ ರಕ್ತ ಪೂರೈಕೆ ಕಡಿಮೆಯಾಗಿ ಅದು ಮೆತ್ತಗಾಗುತ್ತದೆ. 1910ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿಯ ಮೂವರು ವೈದ್ಯರು ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಇದರಲ್ಲಿ ನೋವಿಗಿಂತ ಕುಂಟುವುದೇ ಮೊದಲು ಕಾಣಬಹುದು.

'ಬೆಳೆಯೋ ಮಕ್ಕಳಿಗೆ ಕಾಲು ನೋವು ಇದ್ದದ್ದೇ' ಎಂಬ ಮಾತು ಸುಳ್ಳಲ್ಲ. ಆದರೆ ಆ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಸಂಜೆಯೋ ರಾತ್ರಿಯೋ ಬರುತ್ತದೆ, ಬೆಳಿಗ್ಗೆ ಮಗು ಏನೂ ಆಗದವನಂತೆ ಓಡುತ್ತಾನೆ. ಒಂದೇ ಬದಿಯ ನೋವು, ಹಗಲಲ್ಲಿ ಕುಂಟುವುದು, ಜೊತೆಗೆ ಜ್ವರ, ಇವು ಆ ಲೆಕ್ಕಕ್ಕೆ ಬರುವುದಿಲ್ಲ.

ಪರೀಕ್ಷೆಯ ದಿನಗಳಲ್ಲಿ ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಕೇಳುವವರಿಗೆ ಲೆಕ್ಕ ಕೊಡಬಹುದು. ಮಂಡಿಯೂರಿ ಮಾಡುವುದು ಎರಡು ಬದಿಗೆ ಎರಡೆರಡು ಸಲ, 2 ನಿಮಿಷ. 4ರ ಆಕಾರದ್ದು 2 ನಿಮಿಷ, ಟವೆಲ್ಲಿನದು 2 ನಿಮಿಷ, ಬದ್ಧಕೋನ ಎರಡು ಸಲಕ್ಕೆ 1 ನಿಮಿಷ. ಒಟ್ಟು 7. ಮೈ ಬಿಸಿ ಮಾಡುವ ನಾಲ್ಕೈದು ನಿಮಿಷ ಸೇರಿದರೂ 12 ದಾಟುವುದಿಲ್ಲ. ಸಂಜೆ ಆಟ ಮುಗಿಸಿ ಬಂದಾಗ ಮೈ ಬಿಸಿಯಾಗಿಯೇ ಇರುತ್ತದೆ, ಆಗಲೇ ಮಾಡಿದರೆ ಇನ್ನೂ ಒಳ್ಳೆಯದು. ಓಟದ ಪಂದ್ಯಕ್ಕೆ ಹೊರಡುವ ಮುನ್ನ ಮಾತ್ರ ನಿಮಿಷಗಟ್ಟಲೆ ಎಳೆದು ಹಿಡಿಯಬಾರದು. ಒಂದು ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಆ ಹೊತ್ತಿಗೆ ಅದರ ಚಿಮ್ಮುವ ಶಕ್ತಿ ಸ್ವಲ್ಪ ಕುಗ್ಗುತ್ತದೆ. ಅಂದು ಕಾಲು ಬೀಸುವುದು, ಸಣ್ಣ ಓಟ ಸಾಕು. ಖೋಖೋ ಆಡುವ ಮಕ್ಕಳಿಗೆ ಈ ಸಲಹೆಗಳಲ್ಲಿ ಅರ್ಧ ಬೇಕಾಗುವುದೇ ಇಲ್ಲ. ಅಂಕಣದ ಚೌಕಗಳಲ್ಲಿ ಎಂಟು ಜನ ಕುಕ್ಕರುಗಾಲಿನಲ್ಲಿ ಕೂತು, 'ಖೋ' ಎಂದೊಡನೆ ಅಲ್ಲಿಂದಲೇ ಚಿಮ್ಮಿ ಓಡುವ ಈ ಆಟಕ್ಕಿಂತ ಒಳ್ಳೆಯ ಸೊಂಟದ ವ್ಯಾಯಾಮ ಇನ್ನೊಂದಿಲ್ಲ ಎಂದರೂ ತಪ್ಪಾಗದು. ಇಂಥ ಆಟದ ಪೀರಿಯಡ್ಡನ್ನೇ ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳು ಈಗ ಹೆಚ್ಚು.

ಮನೆಯಲ್ಲಿ ಓದುವಾಗ ಮೇಜು ಕುರ್ಚಿಯನ್ನು ಪೂರ್ತಿ ಬಿಡಬೇಕಿಲ್ಲ. ಒಂದು ವಿಷಯ ಕುರ್ಚಿಯಲ್ಲಿ, ಇನ್ನೊಂದು ನೆಲದ ಮೇಲೆ ಗಿಡ್ಡ ಡೆಸ್ಕಿನ ಮುಂದೆ. ನೆಲದಲ್ಲೂ ಒಂದೇ ಭಂಗಿ ಹಿಡಿಯದೆ ಸ್ವಲ್ಪ ಹೊತ್ತು ಚಕ್ಕಳಮಕ್ಕಳ, ಸ್ವಲ್ಪ ಹೊತ್ತು ಕಾಲು ಚಾಚಿ, ಸ್ವಲ್ಪ ಹೊತ್ತು ಒಂದು ಕಡೆಗೆ ಕಾಲು ಮಡಚಿ ಕೂರಬಹುದು. ಮುಕ್ಕಾಲು ಗಂಟೆಗೊಮ್ಮೆ ಎದ್ದು, ಕಿಟಕಿಯ ಸರಳು ಹಿಡಿದು ಒಂದರ್ಧ ನಿಮಿಷ ಕುಕ್ಕರುಗಾಲಿನಲ್ಲಿ ಕೂತು ಏಳುವುದು. ಹಿಮ್ಮಡಿ ನೆಲಕ್ಕೆ ತಾಗದವರು ಮೊದಮೊದಲು ಅದರ ಕೆಳಗೆ ಒಂದು ಹಳೆಯ ಮಣೆಯನ್ನು ಇಟ್ಟುಕೊಳ್ಳಬಹುದು. ಆರು ವಾರದ ನಂತರ ಥಾಮಸ್ ಹೇಳಿದಂತೆ ಮತ್ತೆ ಮಲಗಿ ನೋಡಿದರೆ ತೊಡೆ ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ. ಬಿಟ್ಟರೆ ಮತ್ತೆ ಕೆಲವೇ ವಾರಗಳಲ್ಲಿ ಮೊದಲಿನ ಜಾಗಕ್ಕೆ ಬರುತ್ತದೆ ಎಂಬುದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು.